ಸಾಲದ ಪಿರಿಯಡ್ಡು

ದೈಹಿಕ ಶಿಕ್ಷಣವು ಶಾಲೆಯಲ್ಲಿ ಕಲಿಸಬೇಕಾದ ಒಂದು ವಿಷಯವೇ, ಅಥವಾ ಎರಡು ವಿಷಯಗಳ ನಡುವೆ ಮಕ್ಕಳು ಬೆನ್ನು ನೆಟ್ಟಗೆ ಮಾಡಿಕೊಳ್ಳಲೆಂದು ಬಿಟ್ಟ ಸಂದು ಮಾತ್ರವೇ ಎಂಬ ಪ್ರಶ್ನೆಗೆ ಶಿಕ್ಷಣಶಾಸ್ತ್ರದ ಗ್ರಂಥಗಳು ಒಂದು ಉತ್ತರವನ್ನು ಕೊಟ್ಟರೆ, ಶಾಲೆಯ ವೇಳಾಪಟ್ಟಿ ಅದಕ್ಕೆ ತದ್ವಿರುದ್ಧವಾದ ಇನ್ನೊಂದನ್ನು ಕೊಡುತ್ತದೆ. ಗ್ರಂಥಗಳ ಪ್ರಕಾರ ಅದು ದೇಹಕ್ಕೆ ಕೊಡುವ ಶಿಕ್ಷಣವಷ್ಟೇ ಅಲ್ಲ, ದೇಹದ ಮೂಲಕ ಇಡೀ ವ್ಯಕ್ತಿತ್ವಕ್ಕೆ ಕೊಡುವ ಶಿಕ್ಷಣ. ವೇಳಾಪಟ್ಟಿಯ ಪ್ರಕಾರ ಅದು ಊಟದ ನಂತರದ ಪಿರಿಯಡ್ಡು. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳಲ್ಲಿ ಊಟದ ನಂತರದ ಪಿರಿಯಡ್ಡು ಎಂದರೆ ಏನೆಂಬುದನ್ನು ಹೊರಗಿನ ಓದುಗರಿಗೆ ತುಸು ಬಿಡಿಸಿ ಹೇಳಬೇಕಾಗುತ್ತದೆ. ಆ ಹೊತ್ತಿನಲ್ಲಿ ಮಕ್ಕಳ ತಲೆಗೆ ಗಣಿತ ಹತ್ತುವುದಿಲ್ಲವೆಂಬ ಸತ್ಯವನ್ನು ಅನುಭವದಿಂದ ಕಂಡುಕೊಂಡ ವೇಳಾಪಟ್ಟಿಕಾರರು, ತಲೆಗೆ ಬಿಸಿಲಾದರೂ ಹತ್ತಲಿ ಎಂಬಂತೆ ಅವರನ್ನು ಮೈದಾನಕ್ಕೆ ಅಟ್ಟುತ್ತಾರೆ. ಮಾರ್ಚ್ ತಿಂಗಳಿನಲ್ಲಿ ಬಂಡೆಗುಡ್ಡಗಳು ಕಾವಲಿಯಂತೆ ಕಾದು ನಿಂತಿರುವಾಗ ಮೈದಾನದಲ್ಲಿ ಇರುವ ಒಂದೇ ಬೇವಿನ ಮರದ ನೆರಳಿಗೆ ಅರವತ್ತು ಮಕ್ಕಳೂ ಸರಿದು, ನೆರಳು ಪೂರ್ವಕ್ಕೆ ಜರುಗಿದಂತೆಲ್ಲ ತಾವೂ ಪೂರ್ವಕ್ಕೆ ಜರುಗುತ್ತಾರೆ. ಅಂದಿನ ತರಗತಿಯಲ್ಲಿ ನಡೆದ ಒಟ್ಟು ಶಾರೀರಿಕ ಚಟುವಟಿಕೆ ಎಷ್ಟೋ ಸಲ ಇಷ್ಟೇ ಆಗಿರುತ್ತದೆ.

ಈ ಪಿರಿಯಡ್ಡಿನ ಎರಡನೆಯ ಲಕ್ಷಣವೆಂದರೆ ಅದನ್ನು ಸಾಲ ಕೊಡಬಹುದು. ವಿಜ್ಞಾನದ ಪಿರಿಯಡ್ಡನ್ನು ಸಮಾಜದವರು ಕೇಳುವುದಿಲ್ಲ, ಇಂಗ್ಲಿಷಿನ ಪಿರಿಯಡ್ಡನ್ನು ಕನ್ನಡದವರು ಕೇಳಿದರೂ ಸಿಗುವುದಿಲ್ಲ. ಆದರೆ ಆಟದ ಪಿರಿಯಡ್ಡನ್ನು ಕೇಳಲು ಯಾರಿಗೂ ಸಂಕೋಚವಿಲ್ಲ. “ಸಾರ್, ಇವತ್ತೊಂದಿನ ನಿಮ್ಮ ಪಿರಿಯಡ್ ಕೊಡ್ರಿ, ಪೋರ್ಷನ್ ಇನ್ನೂ ಮುಗಿದಿಲ್ರಿ” ಎಂಬ ವಾಕ್ಯವು ದಸರೆಯ ರಜೆ ಮುಗಿದ ಮೇಲೆ ವಾರಕ್ಕೊಮ್ಮೆ, ಸಂಕ್ರಾಂತಿಯ ನಂತರ ದಿನಕ್ಕೊಮ್ಮೆ ಕೇಳಿಬರುತ್ತದೆ. ಪೋರ್ಷನ್ ಎಂದರೆ ವರ್ಷದೊಳಗೆ ಮುಗಿಸಲೇಬೇಕಾದ, ಆದರೆ ಯಾವ ವರ್ಷವೂ ಮುಗಿಯದ ಪಾಠಭಾಗ. ಬಡ್ಡಿಯಿಲ್ಲದೆ, ಪತ್ರವಿಲ್ಲದೆ, ಜಾಮೀನಿಲ್ಲದೆ ಕೊಟ್ಟು ಎಂದೂ ಹಿಂದಿರುಗದ ಈ ಸಾಲದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇಟ್ಟಿದ್ದರೆ ದೈಹಿಕ ಶಿಕ್ಷಣ ಶಿಕ್ಷಕರು ಜಿಲ್ಲೆಯ ಅತಿ ದೊಡ್ಡ ಸಾಹುಕಾರರೆಂದು ಹೆಸರಾಗುತ್ತಿದ್ದರು.

ವಿಷಯ ಹೀಗೆ ಬಡವಾಗಿದ್ದರೂ ಅದನ್ನು ಕಲಿಸುವವರಿಲ್ಲದೆ ಶಾಲೆ ಒಂದು ದಿನವೂ ನಡೆಯುವುದಿಲ್ಲವೆಂಬುದು ಗಮನಿಸಬೇಕಾದ ವಿರೋಧಾಭಾಸ. ದಾಖಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರೆಂದೂ ಮಕ್ಕಳ ಬಾಯಲ್ಲಿ ಪಿ.ಟಿ. ಸಾರ್ ಎಂದೂ ಹಳಬರ ನೆನಪಿನಲ್ಲಿ ಡ್ರಿಲ್ ಮಾಸ್ತರರೆಂದೂ ಕರೆಸಿಕೊಳ್ಳುವ ಇವರು ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸುತ್ತಾರೆ, ತಡವಾಗಿ ಬಂದವರನ್ನು ಗೇಟಿನಲ್ಲಿ ಹಿಡಿಯುತ್ತಾರೆ, ಬಿಸಿಯೂಟದ ಸರದಿಯನ್ನು ಕಾಯುತ್ತಾರೆ, ಆಗಸ್ಟ್ 15ರ ಧ್ವಜದ ಹಗ್ಗ ಗಂಟು ಬೀಳದಂತೆ ಹಿಂದಿನ ಸಂಜೆಯೇ ಎಳೆದು ನೋಡುತ್ತಾರೆ, ಯಾವ ಜಾಥಾ ಬಂದರೂ ಸೀಟಿಯೊಂದಿಗೆ ಮುಂದೆ ನಡೆಯುತ್ತಾರೆ. ಇಷ್ಟಾದ ಮೇಲೂ ತಮ್ಮನ್ನು ಸಹ ಶಿಕ್ಷಕರೆಂದು ಪರಿಗಣಿಸಬೇಕು, ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿಗೆ ತರಬೇಕು ಎಂದು ರಾಜ್ಯದ ದೈಹಿಕ ಶಿಕ್ಷಣ ಶಿಕ್ಷಕರು ವರ್ಷಗಳಿಂದ ಮನವಿಪತ್ರ ಸಲ್ಲಿಸುತ್ತ ಬಂದಿದ್ದಾರೆ. ಕಚೇರಿಯಿಂದ ಕಚೇರಿಗೆ, ಮೇಜಿನಿಂದ ಮೇಜಿಗೆ ಸಾಗುವ ಆ ಮನವಿಪತ್ರಗಳಿಗೆ ಆಗುವಷ್ಟು ವ್ಯಾಯಾಮ ಮಕ್ಕಳಿಗೆ ಆಗಿದ್ದರೆ ಈ ಪ್ರಬಂಧದ ಅಗತ್ಯವಿರುತ್ತಿರಲಿಲ್ಲ.

ಡ್ರಿಲ್ ಎಂಬುದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಕವಾಯತು ಎಂಬ ಪದವೂ ಇಲ್ಲಿ ಒಂದು ಕುತೂಹಲದ ಸಾಕ್ಷಿ ನುಡಿಯುತ್ತದೆ. ಅದು ನಿಯಮಗಳು ಎಂಬ ಅರ್ಥದ ಕವಾಯಿದ್ ಎಂಬ ಅರಬ್ಬೀ ಪದದಿಂದ ಬಂದದ್ದು. ಉರ್ದುವಿನಲ್ಲಿ ಅದೇ ಪದಕ್ಕೆ ಸಿಪಾಯಿಗಳ ಕವಾಯತು ಎಂಬ ಅರ್ಥವಿರುವಂತೆಯೇ ವ್ಯಾಕರಣ ಎಂಬ ಅರ್ಥವೂ ಇದೆ. ಎಂದರೆ ಬಳ್ಳಾರಿಯ ಕೌಲ್ ಬಜಾರಿನ ಉರ್ದು ಓದುವ ಹುಡುಗನಿಗೆ ಕೋಣೆಯೊಳಗೆ ನಡೆಯುವುದೂ ಕವಾಯಿದ್, ಮೈದಾನದಲ್ಲಿ ನಡೆಯುವುದೂ ಕವಾಯಿದ್: ಒಂದರಲ್ಲಿ ಪದಗಳು ತಪ್ಪದೆ ಸಾಲಿನಲ್ಲಿ ನಿಲ್ಲಬೇಕು, ಇನ್ನೊಂದರಲ್ಲಿ ಪಾದಗಳು. ಭಾಷೆಯ ವಿಚಾರ ಬಂದದ್ದರಿಂದ ಇನ್ನೊಂದು ಮಾತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಟ್ಯೂಷನ್ನಿನಲ್ಲಿ ಇಂಗ್ಲಿಷು ಆಡುವ ಬಳ್ಳಾರಿಯ ಮಗು ಎಡಕ್ಕೆ ತಿರುಗಬೇಕಾದರೆ ಮಾತ್ರ ಹಿಂದಿಯ ಅಪ್ಪಣೆಗೆ ಕಾಯುತ್ತದೆ; ಸಾವಧಾನ್, ವಿಶ್ರಾಮ್‌ಗಳು ಮೂಲತಃ ಸಂಸ್ಕೃತವಾದ್ದರಿಂದ ಹೇಗೋ ದಕ್ಕಿದರೂ, ‘ಬಾಯೇ ಮುಡ್’ ಎಂದೊಡನೆ ಬಾಯಿಗೆ ಸಂಬಂಧಿಸಿದ ಏನನ್ನೋ ಮಾಡಬೇಕೆಂದು ತಿಳಿದು ಬಾಯಿ ಮುಚ್ಚಿಕೊಳ್ಳುವ ಒಂದಿಬ್ಬರು ಯಾವ ಸಾಲಿನಲ್ಲಾದರೂ ಇರುತ್ತಾರೆ.

ಈ ಸೀಮೆಗೆ ಅಂಗಸಾಧನೆ ಹೊಸದಲ್ಲ. ನಗರದ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲುಕೊಡಲಿಗಳನ್ನು ಉಜ್ಜಿ ಉಜ್ಜಿ ಬಂಡೆಯಲ್ಲಿ ಮೂಡಿಸಿದ ಗೀರುಗುಳಿಗಳು ಇಂದಿಗೂ ಕಾಣುತ್ತವೆ. ಅಷ್ಟು ಉಜ್ಜಿದ ತೋಳುಗಳಿಗೆ ಯಾವ ಶ್ರೇಣಿಯೂ ದೊರೆತಂತಿಲ್ಲ. ಹತ್ತಿರದ ಹಂಪಿಯಲ್ಲಿ 1520ರ ಆಸುಪಾಸಿನಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನು ಕೃಷ್ಣದೇವರಾಯನ ದಿನಚರಿಯನ್ನು ವರ್ಣಿಸಿದ್ದಾನೆ. ಅದರಂತೆ ದೊರೆಯು ಬೆಳಕು ಹರಿಯುವ ಮುನ್ನ ಮುಕ್ಕಾಲು ಪಿಂಟಿನಷ್ಟು, ಅಂದರೆ 400 ಮಿಲಿಲೀಟರಿಗೂ ತುಸು ಹೆಚ್ಚು ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು, ಮಣ್ಣಿನಲ್ಲಿ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸಿ, ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿದು, ಬಳಿಕ ಬೆಳಗಾಗುವವರೆಗೆ ಬಯಲಿನಲ್ಲಿ ಕುದುರೆ ಓಡಿಸುತ್ತಿದ್ದನು. ಸಾಮ್ರಾಜ್ಯದ ಅತ್ಯಂತ ಕೆಲಸದ ಮನುಷ್ಯನಿಗೆ ಇಷ್ಟಕ್ಕೆ ಸಮಯವಿತ್ತು. ಹತ್ತನೆಯ ತರಗತಿಯ ಹುಡುಗನಿಗೆ ಇಲ್ಲ. ರಾಯನ ಪಿರಿಯಡ್ಡನ್ನು ಅಮಾತ್ಯರಾರೂ ಪೋರ್ಷನ್ನಿಗಾಗಿ ಕೇಳಲಿಲ್ಲವೆಂಬುದು ಒಂದು ಕಾರಣವಾದರೆ, ಅವನು ಅದನ್ನು ಊಟದ ನಂತರ ಇಟ್ಟುಕೊಳ್ಳಲಿಲ್ಲವೆಂಬುದು ಇನ್ನೊಂದು.

ಶಾಲೆಯ ವಿಷಯವೆಂಬ ರೂಪದಲ್ಲಿ ಇದು ಬಂದದ್ದು ಯುರೋಪಿನ ದಾರಿಯಿಂದ. ಜರ್ಮನಿಯ ಗುಟ್ಸ್‌ಮೂಟ್ಸ್ 1793ರಲ್ಲಿ ಎಳೆಯರ ಅಂಗಸಾಧನೆಯ ಕುರಿತು ಪುಸ್ತಕ ಬರೆದನು. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅದಕ್ಕೊಂದು ಸಂಸ್ಥೆ ಕಟ್ಟಿದನು. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವನು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ತೆರೆದನು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನ ಅಧೀನದಲ್ಲೇ ಇದ್ದುದರಿಂದ ಇಲ್ಲಿನ ಡ್ರಿಲ್ ಮಾಸ್ತರರ ಸೀಟಿಗೆ ಮದರಾಸಿನ ಗಾಳಿ ತುಂಬಿದ್ದೀತೆಂದು ಊಹಿಸಲು ಅಡ್ಡಿಯಿಲ್ಲ. ಕಾನೂನಿನ ಬಲವೂ ಕಡಿಮೆಯೇನಿಲ್ಲ: 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಲು ಹೇಳಿತು, 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆಂದಿತು, 2020ರ ಶಿಕ್ಷಣ ನೀತಿಯಂತೂ ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆಯೇ ಬೇಡವೆಂದಿತು.

ಗೋಡೆ ಹೋದರೂ 625 ಎಂಬ ಅಂಕಿ ಉಳಿದಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125, ಮಿಕ್ಕ ಐದು ವಿಷಯಗಳಿಗೆ ತಲಾ 100 ಅಂಕಗಳಿದ್ದು, ಓಡುವುದಕ್ಕಾಗಲಿ ನೆಗೆಯುವುದಕ್ಕಾಗಲಿ ಅದರಲ್ಲಿ ಒಂದು ಅಂಕದ ಪಾಲೂ ಇಲ್ಲ. ದೈಹಿಕ ಶಿಕ್ಷಣಕ್ಕೆ ಶಾಲೆಯೇ ಒಂದು ಶ್ರೇಣಿ ಬರೆದು ಕಳುಹಿಸುತ್ತದೆ, ಅದನ್ನು ಯಾವ ಅಜ್ಜಿಯೂ ಪಕ್ಕದ ಮನೆಗೆ ಹೇಳಿಕೊಂಡು ಬರುವುದಿಲ್ಲ. ಇದಕ್ಕೂ 100 ಅಂಕ ಕೊಟ್ಟುಬಿಟ್ಟರೆ ಎಲ್ಲರೂ ಗೌರವಿಸುತ್ತಾರೆಂದು ವಾದಿಸುವ ವಿದ್ವಾಂಸರಿದ್ದಾರೆ. ಈ ಪ್ರಬಂಧದ ಕರ್ತೃವಿಗೆ ಆ ವಾದ ಒಪ್ಪಿಗೆಯಿಲ್ಲ. ಅಂಕ ಬಂದ ಮರುದಿನವೇ ಬಳ್ಳಾರಿಯ ಮೋಕಾ ರಸ್ತೆಯಲ್ಲಿ ಖೋ ಖೋ ಟ್ಯೂಷನ್ ಬೋರ್ಡು ಏಳುತ್ತದೆ, ಕಬಡ್ಡಿಯ ಗೈಡು ಅಚ್ಚಾಗುತ್ತದೆ, ತಂಡದಲ್ಲಿ ಎಷ್ಟು ಜನ, ಅಂಕಣದ ಅಳತೆ ಎಷ್ಟು ಎಂಬ ಒಂದು ಅಂಕದ ಪ್ರಶ್ನೆಗಳನ್ನು ಮಕ್ಕಳು ಫ್ಯಾನಿನ ಕೆಳಗೆ ಕುಳಿತು ಉರು ಹೊಡೆಯುತ್ತಾರೆ. ಪಠ್ಯಪುಸ್ತಕವಿರುವ ಕಡೆ ಈಗಲೇ ಇದರ ರುಚಿ ಸಿಗುತ್ತದೆ: ಉದ್ದ ಜಿಗಿತದ ಹಂತಗಳನ್ನು ಐದು ವಾಕ್ಯಗಳಲ್ಲಿ ವಿವರಿಸಬಲ್ಲ ಹುಡುಗನು ಶಾಲೆಯ ಮುಂದಿನ ಚರಂಡಿಯನ್ನು ದಾಟಲು ಸುತ್ತುಹಾಕಿ ಬರುತ್ತಾನೆ.

ಇನ್ನೊಂದು ಆಕ್ಷೇಪ ಸಿರುಗುಪ್ಪದ ಕಡೆಯಿಂದ ಬರುತ್ತದೆ, ಮತ್ತು ಅದು ಹೆಚ್ಚು ತೂಕದ್ದು. ತುಂಗಭದ್ರೆಯ ನೀರುಂಡು ಭತ್ತ ಬೆಳೆಯುವ ಆ ಸೀಮೆಯ ತಂದೆತಾಯಿಗಳು “ಹೊಲದಾಗ ದುಡಿಯೋ ಮಕ್ಳಿಗೆ ಸಾಲ್ಯಾಗ ಮತ್ತೇನ್ ಕಸರತ್ತು ಕಲಿಸ್ತೀರಿ?” ಎಂದು ಕೇಳಿದರೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಆದರೆ ದುಡಿಮೆಗೂ ವ್ಯಾಯಾಮಕ್ಕೂ ಇರುವ ವ್ಯತ್ಯಾಸವನ್ನು ನಾಟಿಯ ಗದ್ದೆಯಲ್ಲೇ ಕಾಣಬಹುದು. ಸಸಿ ನೆಡುವ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಸೊಂಟದಲ್ಲಿ ಒಂದೇ ಕಡೆಗೆ ಬಾಗಿ, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಕೆಸರನ್ನು ಒತ್ತುತ್ತ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾಳೆ. ದೇಹದ ಕೆಲವೇ ಕೀಲುಗಳು ಸವೆಯುತ್ತವೆ, ಉಳಿದವು ಕೆಲಸವಿಲ್ಲದೆ ಮರಗಟ್ಟುತ್ತವೆ. ಯಾವಾಗ ಬಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ನಿರ್ಧರಿಸುವುದು ಗದ್ದೆಯೇ ಹೊರತು ಅವಳಲ್ಲ. ಖೋ ಖೋ ಆಟದಲ್ಲಿ ಇದು ತಿರುಗುಮುರುಗಾಗುತ್ತದೆ. ಎಂಟು ಹುಡುಗಿಯರು ಒಂದೇ ಗೆರೆಯಲ್ಲಿ, ಒಬ್ಬಳು ಆ ಕಡೆ ಇನ್ನೊಬ್ಬಳು ಈ ಕಡೆ ಮುಖಮಾಡಿ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾರೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುತ್ತಾಳೆ, ಆದರೆ ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ತನ್ನ ಕೈಲಾಗದೆಂದು ಕಂಡೊಡನೆ ಕುಳಿತವಳ ಬೆನ್ನು ಮುಟ್ಟಿ ಖೋ ಎಂದು ಆ ಓಟವನ್ನು ಒಪ್ಪಿಸಿಬಿಡಬೇಕು. ಬೆನ್ನಿಗೆ ಬೆರಳು ತಾಗುವ ಆ ಕ್ಷಣಕ್ಕೆ ಮೈಯೆಲ್ಲ ಕಿವಿಯಾಗಿ ಕುಳಿತವಳ ಹಿಮ್ಮಡಿ ಆಗಲೇ ಅರ್ಧ ಇಂಚು ಎದ್ದಿರುತ್ತದೆ. ತನ್ನಿಂದಾಗದ ಕೆಲಸವನ್ನು ಸಕಾಲದಲ್ಲಿ ಇನ್ನೊಬ್ಬರಿಗೆ ಬಿಟ್ಟುಕೊಡುವ ಈ ವಿದ್ಯೆಯನ್ನು ಕಚೇರಿಗಳಲ್ಲಿ ಮೂವತ್ತು ವರ್ಷ ದುಡಿದವರೂ ಕಲಿತಂತಿಲ್ಲ. (ಕರ್ತೃವು ಈ ಆಟವನ್ನು ಬಲ್ಲದ್ದು ಸ್ಕೋರ್ ಬರೆಯುವ ಸ್ಥಾನದಿಂದ, ಅವನ ಓಟವನ್ನು ನೋಡಿದವರು ಅವನಿಗೆ ಪೆನ್ಸಿಲು ಕೊಡುವುದನ್ನೇ ಯಾವಾಗಲೂ ಆರಿಸಿಕೊಂಡರು.)

ಹುಡುಗಿಯರ ಪಾಲಿಗೆ ಈ ಪಿರಿಯಡ್ಡಿನ ಬೆಲೆ ಬೇರೆಯೇ ಲೆಕ್ಕದ್ದು. ಹುಡುಗನು ಆಟದ ಪಿರಿಯಡ್ಡು ಸಾಲ ಹೋದರೂ ಸಂಜೆ ಬಯಲಿನಲ್ಲಿ ಅಷ್ಟನ್ನೂ ವಸೂಲು ಮಾಡಿಕೊಳ್ಳುತ್ತಾನೆ. ದೊಡ್ಡವಳಾದ ಹುಡುಗಿ ಬೀದಿಯಲ್ಲಿ ಓಡಿದರೆ ಏನಾಯಿತೆಂದು ನಾಲ್ಕು ಮನೆಯವರು ಬಾಗಿಲಿಗೆ ಬರುತ್ತಾರೆ. ಅವಳು ಯಾರಿಗೂ ಕಾರಣ ಹೇಳದೆ ಓಡಬಹುದಾದ ಸ್ಥಳ ಶಾಲೆಯ ಮೈದಾನವೊಂದೇ, ಸಮಯ ಆ ಪಿರಿಯಡ್ಡೊಂದೇ. ತಾಲೂಕು ಮಟ್ಟದಲ್ಲಿ ಗೆದ್ದು ಜಿಲ್ಲೆಗೆ, ಅಲ್ಲಿ ಗೆದ್ದು ಕಲಬುರಗಿ ವಿಭಾಗಕ್ಕೆ ಹೋಗುವ ತಂಡದಲ್ಲಿ ಹೆಸರು ಬಂದರೆ ತುಂಗಭದ್ರೆಯ ಸೇತುವೆಯಾಚೆಯ ಲೋಕವನ್ನು ಮದುವೆಗೆ ಮೊದಲೇ ನೋಡುವ ಅವಕಾಶವೂ ಒದಗುತ್ತದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವಳ ಪಾಲಿನ ನಿಮಿಷಗಳನ್ನು ತ್ರಿಕೋನಮಿತಿಗೆ ಸಾಲ ಕೊಡುವವರು ಯಾರ ದುಡ್ಡನ್ನು ಯಾರಿಗೆ ಕೊಡುತ್ತಿದ್ದೇವೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕುರುಗೋಡಿನಲ್ಲಿ ಈ ವಿಷಯದ ಸಾಮೂಹಿಕ ಪ್ರಯೋಗವು ದೊಡ್ಡ ಬಸವೇಶ್ವರನ ರಥೋತ್ಸವದ ದಿನ ನಡೆಯುತ್ತದೆ. ಮಿಣಿ ಎಂದರೆ ತೇರಿನ ದಪ್ಪ ಹಗ್ಗ; ಅದಕ್ಕೆ ಕೈಹಚ್ಚಿದವರಲ್ಲಿ ವೈದ್ಯರು ನಡೆಯಿರೆಂದರೂ ನಡೆಯದ ವರ್ತಕರೂ, ಮೊಣಕಾಲು ನೋವಿನ ನಿವೃತ್ತ ಗುಮಾಸ್ತರೂ ಇರುತ್ತಾರೆ, ತೇರು ಒಮ್ಮೆ ಕದಲಿದರೆ ಎಲ್ಲರ ಮೊಣಕಾಲೂ ಕದಲುತ್ತವೆ. ಕಳಸಕ್ಕೆ ಗುರಿಯಿಟ್ಟು ಉತ್ತತ್ತಿ, ಬಾಳೆಹಣ್ಣು ಎಸೆಯುವ ಮುದುಕಿಯರ ಭುಜಬಲವನ್ನು ಕಂಡವರಿಗೆ, 2021ರಲ್ಲಿ ಟೋಕಿಯೋದಲ್ಲಿ ಜಾವೆಲಿನ್ನನ್ನು 87.58 ಮೀಟರ್ ಎಸೆದು ಚಿನ್ನ ಗೆದ್ದ ನೀರಜ್ ಚೋಪ್ರಾ ಇದೇ ಜಿಲ್ಲೆಯ ತೋರಣಗಲ್ಲಿನ ಬಳಿ, 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ತರಬೇತಿ ಪಡೆದುದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಜಗತ್ತಿನ ಮಟ್ಟದ ಸಲಕರಣೆಗಳಿರುವ ಆ ಆವರಣಕ್ಕೂ ಒಂದು ಚೆಂಡಿರುವ ಊರ ಶಾಲೆಗೂ ನಡುವಿನ ದೂರ ಕಿಲೋಮೀಟರುಗಳಲ್ಲಿ ಮಾತ್ರ ಕಡಿಮೆ.

ಆ ಒಂದು ಚೆಂಡಿನ ವಿಚಾರ ಉಳಿಯಿತು. ಅದು ಕಚೇರಿಯ ಬೀರುವಿನಲ್ಲಿ, ದಾಸ್ತಾನು ವಹಿಯ ಕ್ರಮಸಂಖ್ಯೆಯೊಂದಿಗೆ ಇರುತ್ತದೆ. ಆಡಿದ ಚೆಂಡು ಸವೆಯುತ್ತದೆ, ಸವೆದ ಚೆಂಡಿಗೆ ಲೆಕ್ಕ ಕೊಡಬೇಕಾಗುತ್ತದೆ, ಲೆಕ್ಕಪರಿಶೋಧಕರ ಮುಂದೆ ಹಾಜರುಪಡಿಸಲು ಆಡದ ಚೆಂಡೇ ಕ್ಷೇಮ. ಬೀರುವಿನ ಬೀಗದ ಕೈ ಪಿ.ಟಿ. ಸಾರ್ ಬಳಿಯಿದ್ದು, ಸಾರ್ ಮತದಾರರ ಪಟ್ಟಿಯ ಕೆಲಸದ ಮೇಲೆ ಹೋಗಿರುತ್ತಾರೆ. ಆದರೆ ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಹೊಲಿಗೆ ಘಟಕಗಳ ಹಿಂದೆ ನೀಲಿ ಚಿಂದಿ ರಾಶಿ ಬಿದ್ದಿರುತ್ತದೆ. ಮಕ್ಕಳು ಅದನ್ನು ಬಿಗಿಯಾಗಿ ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಮೇಲೆ ಬಿಗಿದು, ಎರಡು ಸಲ ನೆಲಕ್ಕೆ ಕುಕ್ಕಿ ನೋಡುತ್ತಾರೆ. ಅದು ಅಷ್ಟೇನೂ ಪುಟಿಯುವುದಿಲ್ಲ. ಯಾವ ವಹಿಯಲ್ಲೂ ಅದರ ನಮೂದಿಲ್ಲವಾದ್ದರಿಂದ ಕತ್ತಲಾಗುವವರೆಗೆ ಅದನ್ನು ಯಾರೂ ವಾಪಸು ಕೇಳುವುದೂ ಇಲ್ಲ.