ಸುರಂಗ ಮೊದಲು, ಬೆಟ್ಟ ಆಮೇಲೆ: ಹಲಗೆಲೋಕದ ವಾಸ್ತು ಕುರಿತು ಒಂದು ತಾತ್ತ್ವಿಕ ವಿಚಾರ

ಭೂಗೋಳದಲ್ಲಿ ಎರಡು ಬಗೆ: ದೇವರು ಮಾಡಿದ್ದು ಮತ್ತು ಪ್ಲೈವುಡ್ ಮೇಲೆ ಮಾಡಿದ್ದು. ಮೊದಲನೆಯದರ ಬಗ್ಗೆ ಬೇಕಾದಷ್ಟು ಗ್ರಂಥಗಳಿವೆ. ಎರಡನೆಯದನ್ನು, ಎಂದರೆ ಮಾಡೆಲ್ ರೈಲಿನ ಲೇಔಟನ್ನು, ನಮ್ಮ ಪಂಡಿತವರ್ಗ ಕಣ್ಣೆತ್ತಿಯೂ ನೋಡದ ಕಾರಣ ಈ ಪ್ರಬಂಧ ಅನಿವಾರ್ಯವಾಯಿತು. (ಎಲ್ಲ ಪ್ರಬಂಧಗಳೂ ಹೀಗೆಯೇ ಅನಿವಾರ್ಯವಾಗುತ್ತವೆ.)

ಮೊದಲಿಗೆ ಕ್ಷೇತ್ರನಿರ್ಣಯ. ಸಂಪ್ರದಾಯಸ್ಥ ಹಲಗೆಲೋಕದ ಅಳತೆ ನಾಲ್ಕಡಿಗೆ ಎಂಟಡಿ, ಏಕೆಂದರೆ ಪ್ಲೈವುಡ್ ಹಾಳೆ ಸಿಗುವುದೇ ಆ ಅಳತೆಯಲ್ಲಿ. ಬ್ರಹ್ಮಾಂಡದ ವಿಸ್ತಾರವನ್ನು ಮರದಂಗಡಿಯವನು ನಿಶ್ಚಯಿಸಿದ ನಿದರ್ಶನ ಬೇರಾವ ದರ್ಶನದಲ್ಲೂ ಇಲ್ಲ. ಬಹುಜನರು ಒಪ್ಪಿದ ಪ್ರಮಾಣ ಎಚ್‌ಓ: 1:87, ಹಳಿಗಳ ನಡುವೆ 16.5 ಮಿಲಿಮೀಟರ್. ಗುಣಿಸಿ ನೋಡಿದರೆ ಇಡೀ ಸಾಮ್ರಾಜ್ಯ 212 ಮೀಟರ್ ಉದ್ದ, 106 ಮೀಟರ್ ಅಗಲ. ಪಹಣಿಯಲ್ಲಿ ಬರೆಸಿದರೆ ಐದೂವರೆ ಎಕರೆ ಚಿಲ್ಲರೆ. ಈ ಐದೂವರೆ ಎಕರೆಯಲ್ಲಿ ಕೃತಿಕಾರನು ಒಂದು ರೈಲು ನಿಲ್ದಾಣ, ಒಂದು ಚರ್ಚು, ಒಂದು ಬಿಯರ್ ಕಾರ್ಖಾನೆ, ಒಂದು ಹಾಳು ಕೋಟೆ, ಒಂದು ನದಿ ಹಾಗೂ ಆಲ್ಪ್ಸ್ ಪರ್ವತವನ್ನು ಹೊಂದಿಸುತ್ತಾನೆ. ಆಮೇಲೂ ಜಾಗ ಮಿಕ್ಕರೆ ಹಿಂಡು ಹಸು.

ಇನ್ನು ಪ್ರಬಂಧದ ಮೂಲ ಪ್ರತಿಪಾದನೆ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸು ಎನ್ನುತ್ತದೆ ನ್ಯಾಯದರ್ಶನ. ಹಲಗೆಲೋಕದಲ್ಲಿ ಬೆಟ್ಟವೇ ಕಂಡರೆ ಊಹಿಸಬೇಕಾದ್ದು ಒಂದೇ: ಒಳಗೆ ಹಳಿ ತಿರುಗಿದೆ. ಇಲ್ಲಿ ರೂಢಿಯಲ್ಲಿರುವ 18 ಇಂಚು ತ್ರಿಜ್ಯದ ತಿರುವು ನಮ್ಮ ಲೋಕದಲ್ಲಿ ಸುಮಾರು 40 ಮೀಟರ್ ತ್ರಿಜ್ಯಕ್ಕೆ ಸಮ. ಅಷ್ಟರಲ್ಲಿ ಲಾರಿ ತಿರುಗೀತು. ಎಕ್ಸ್‌ಪ್ರೆಸ್ ಗಾಡಿ ತಿರುಗಿದರೆ ವಿಚಾರಣಾ ಆಯೋಗ ಕೂರಬೇಕಾಗುತ್ತದೆ. ಈ ಲಜ್ಜೆಯನ್ನು ಮುಚ್ಚಲೆಂದೇ ಪರ್ವತದ ಅವತಾರ. ಅದಕ್ಕೆ ಕೋಟ್ಯಂತರ ವರ್ಷಗಳ ಭೂಗರ್ಭದ ಒತ್ತಡವೇನೂ ಬೇಕಿಲ್ಲ. ತಂತಿಜಾಲರಿ, ಹಳೇ ಪೇಪರು, ಪ್ಲಾಸ್ಟರ್ ಇದ್ದರಾಯಿತು. ಹಾಗೆಯೇ, ಸೇತುವೆಯ ಕಿಟ್ ಸೋವಿಯಲ್ಲಿ ಸಿಕ್ಕಿತೆಂದು ಅದರ ಕೆಳಗೆ ನದಿ ಹುಟ್ಟುತ್ತದೆ. ಬೆಂಗಳೂರಿನಲ್ಲಿ ಲೇಔಟ್ ಮಾಡಲು ಕೆರೆ ಮುಚ್ಚುತ್ತಾರೆ. ಇಲ್ಲಿ ಲೇಔಟ್ ಆದ ಮೇಲೆ ಕೆರೆ ತೋಡುತ್ತಾರೆ. ಒಟ್ಟಿನಲ್ಲಿ, ಕಾರ್ಯ ಮುಂದೆ ಹೋಗಿ ಕೂತಿರುತ್ತದೆ, ಕಾರಣ ಬುತ್ತಿ ಕಟ್ಟಿಕೊಂಡು ಹಿಂದಿನಿಂದ ಬರುತ್ತದೆ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: ಸ್ವಿಟ್ಜರ್‌ಲೆಂಡಿನ ಗೊಟ್ಹಾರ್ಡ್ ರೈಲು ಸುರಂಗ ತೋಡುವಾಗ ಬೆಟ್ಟ ಮೊದಲೇ ಇತ್ತಲ್ಲವೇ? ಇತ್ತು. ಆದ್ದರಿಂದಲೇ 1872ರಲ್ಲಿ ಶುರುವಾದ ಕೆಲಸ ಮುಗಿದು ಗಾಡಿ ಓಡಲು 1882 ಬರಬೇಕಾಯಿತು. ಕ್ರಮ ತಪ್ಪಿದರೆ ಹೀಗಾಗುತ್ತದೆ.

ಗೃಹನಿವೇಶನದ ವಿಚಾರಕ್ಕೆ ಬಂದರೆ ನಮ್ಮ ವಾಸ್ತುಪಂಡಿತರ ವಿದ್ಯೆ ಇಲ್ಲಿ ಸ್ವಲ್ಪವೂ ನಡೆಯದು. ಅವರಿಗೆ ಬಾಗಿಲು ಪೂರ್ವಕ್ಕಿರಬೇಕು. ಇಲ್ಲಿ ನೋಡುವವನ ಹೊಟ್ಟೆಯ ಕಡೆಗಿರಬೇಕು. ಮನೆಯನ್ನು ಹಲಗೆಯ ಅಂಚಿಗೆ ಸಮಾನಾಂತರವಾಗಿ ಇಟ್ಟರೆ ಮಹಾದೋಷ: ಊರಿಗೆ ಊರೇ ಅಂಗಡಿಯ ಕಪಾಟಿನಂತೆ ಕಾಣುತ್ತದೆ. ತುಸು ಓರೆಯಾಗಿ ತಿರುಗಿಸಿದರೆ ಹಲಗೆಗೂ ಮೊದಲೇ ಊರಿತ್ತೆಂಬ ಭ್ರಮೆ ಹುಟ್ಟುತ್ತದೆ. ಅಮೆರಿಕದ ಫ್ರಾಂಕ್ ಎಲಿಸನ್ ತನ್ನ ‘ಡೆಲ್ಟಾ ಲೈನ್ಸ್’ ಲೇಔಟನ್ನು ನಾಟಕವೆಂದೇ ಬಗೆದಿದ್ದ: ದೃಶ್ಯಾವಳಿಯೇ ರಂಗಸಜ್ಜು, ರೈಲುಗಳೇ ಪಾತ್ರಧಾರಿಗಳು. ಕಂಪನಿ ನಾಟಕದ ಪರದೆ ಕಂಡ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಗಳ ಬೆನ್ನಿಗೆ ಬಣ್ಣ ಬಳಿಯದಿರುವುದು ಜಿಪುಣತನವಲ್ಲ, ನಾಟ್ಯಧರ್ಮ.

ದೋಷಗಳಲ್ಲೆಲ್ಲ ಹೀನವಾದುದು ತ್ರಿಶಂಕುದೋಷ. ಕಿಟ್ ಜೋಡಿಸಿ ಹಾಗೇ ಇಟ್ಟುಬಿಟ್ಟ ಮನೆಯ ಬುಡದಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಒಳಗೆ ದೀಪ ಹಚ್ಚಿದೊಡನೆ ಅಡಿಪಾಯದಿಂದ ಬೆಳಕು ಸೋರಿ, ಮನೆ ನೆಲದಲ್ಲೂ ಇಲ್ಲ, ಆಕಾಶದಲ್ಲೂ ಇಲ್ಲ. ಪರಿಹಾರ ಸುಲಭ: ಬುಡವನ್ನು ಒಂದೆರಡು ಮಿಲಿಮೀಟರ್ ಹೂತು, ಗೋಡೆಯುದ್ದಕ್ಕೂ ಅಂಟು ಸವರಿ ಕಳೆ ಬೆಳೆಸುವುದು. ನಮ್ಮ ಊರುಗಳಲ್ಲಿ ಈ ಶಾಂತಿಕರ್ಮವನ್ನು ಪ್ರಕೃತಿಯೇ ಪುಕ್ಕಟೆ ನೆರವೇರಿಸುತ್ತದೆ.

ಇದಕ್ಕಿಂತ ಗಹನವಾದದ್ದು ಆಕಾಶರಂಧ್ರ. ಹಲಗೆಯ ಹಿಂದೆ ನಿಲ್ಲಿಸಿದ ನೀಲಿ ಪರದೆಯನ್ನು ಕೊರೆದು ಹಳಿ ಆಚೆ ಹೋಗಬೇಕಾದಾಗ ಆಕಾಶಕ್ಕೆ ತೂತು ಬೀಳುತ್ತದೆ. ಆ ತೂತನ್ನು ಮರೆಮಾಡಲು ಒಂದು ಕಾರ್ಖಾನೆಯೋ, ಮೇಲ್ಸೇತುವೆಯೋ, ಒತ್ತಾದ ಮರಗಳೋ ಹುಟ್ಟುತ್ತವೆ. ಪರದೆಗೆ ಒರಗಿದ ಆ ಐದಂತಸ್ತಿನ ಕಾರ್ಖಾನೆಯ ದಪ್ಪ ಮೂರು ಸೆಂಟಿಮೀಟರ್, ಎಂದರೆ ಅಸಲು ಲೆಕ್ಕದಲ್ಲಿ ಎರಡೂವರೆ ಮೀಟರು. ಅಲ್ಲಿನ ಕಾರ್ಮಿಕರು ಒಬ್ಬರ ಹಿಂದೆ ಒಬ್ಬರು ನಿಂತು ದುಡಿಯುತ್ತಾರೆಂದು ಭಾವಿಸಬೇಕು. ದೂರದ ಭಾಸಕ್ಕಾಗಿ ಹಿಂದಿನ ಸಾಲಿನಲ್ಲಿ ಇನ್ನೂ ಚಿಕ್ಕ ಎನ್ ಪ್ರಮಾಣದ, 1:160ರ ಮನೆಗಳನ್ನು ಇಡುವುದು ಶಿಷ್ಟಾಚಾರ. ಆದರೆ ಮುಂದಿನ ಸಾಲಿನ ಅಂಚೆಯವನನ್ನು ಆ ಬೀದಿಗೆ ಅಪ್ಪಿತಪ್ಪಿಯೂ ಕಳಿಸಕೂಡದು: ಅಲ್ಲಿ ಅವನ ಎತ್ತರ ಹತ್ತಡಿ ದಾಟುತ್ತದೆ, ಕಾಗದವನ್ನು ಬಗ್ಗಿ ಕೊಡಬೇಕಾಗುತ್ತದೆ.

ಇನ್ನು ಅಸಲನ್ನು ಮೊಟಕುಗೊಳಿಸುವ ಸಂಕೋಚಸಿದ್ಧಾಂತ. ಇದನ್ನು ಸ್ವದೇಶಿ ದೃಷ್ಟಾಂತದಿಂದ ಸ್ಥಾಪಿಸಬಹುದು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮನ್ನು ಎಚ್‌ಓ ಪ್ರಮಾಣದಲ್ಲಿ ಪ್ರಾಮಾಣಿಕವಾಗಿ ಕಟ್ಟಿದರೆ 17 ಮೀಟರ್ ಮೀರುತ್ತದೆ. ನಡುಮನೆಯಲ್ಲಿ ಹತ್ತಿದ ಪ್ರಯಾಣಿಕ ಅಡುಗೆಮನೆ, ಹಿತ್ತಿಲು ದಾಟಿ, ಪಕ್ಕದವರ ಕಾಂಪೌಂಡಿನಲ್ಲಿ ಎಂಜಿನ್ ಕಾಣುತ್ತಾನೆ. ಆದಕಾರಣ ಸತ್ಯವನ್ನು ಕತ್ತರಿಸಬೇಕು: ಹನ್ನೆರಡು ಕಿಟಕಿಗೆ ಐದು, ಇಪ್ಪತ್ತು ಬೋಗಿಗೆ ನಾಲ್ಕು. ಮುಖಲಕ್ಷಣ ಉಳಿದರೆ ಸಾಕು, ದೇಹ ಯಾರಿಗೆ ಬೇಕು? ಅಂದಹಾಗೆ ನಮ್ಮ 1676 ಮಿಲಿಮೀಟರ್ ಬ್ರಾಡ್‌ಗೇಜಿಗೆ ಇಲ್ಲಿ 19 ಮಿಲಿಮೀಟರಿಗೂ ಹೆಚ್ಚು ಅಂತರ ಸಲ್ಲಬೇಕು. ಅದನ್ನು 16.5ರ ಮೇಲೆ ಓಡಿಸುವ ದೇಶಭಕ್ತರು ಪ್ರತಿ ಗಾಡಿಗೂ ಸುಮಾರು ಮೂರು ಮಿಲಿಮೀಟರ್ ಸುಳ್ಳು ಹೇಳುತ್ತಿದ್ದಾರೆ. ಸತ್ಯಹರಿಶ್ಚಂದ್ರನಾಗಿದ್ದರೆ ಹಳಿಯನ್ನು ಕೈಯಾರೆ ಹಾಸುತ್ತಿದ್ದ.

ಜನಜೀವನದ ಮಾತು ಚಿಕ್ಕದು. ಎರಡು ಸೆಂಟಿಮೀಟರಿನ ಪ್ರಜೆಗಳು ಯಾವತ್ತೂ ಏನನ್ನೋ ಮಾಡಹೊರಟವರು, ಮಾಡಿದವರಲ್ಲ. ಜರ್ಮನ್ ಹಲಗೆಗಳಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಮದುವೆ ದಿಬ್ಬಣ ಇರಲೇಬೇಕು. ಹೊತ್ತಿ ಉರಿಯುವ ತೆರಿಗೆ ಕಚೇರಿಯ ಕಿಟ್ಟೂ ಅಲ್ಲಿ ದೊರೆಯುತ್ತದೆ. ಅಗ್ನಿಶಾಮಕದವರು ವರ್ಷಗಟ್ಟಲೆ ಕೊಳವೆ ಹಿಡಿದು ನಿಂತಿರುತ್ತಾರೆ, ನಂದಿಸುವ ಅವಸರ ಊರಲ್ಲಿ ಯಾರಿಗೂ ಇದ್ದಂತಿಲ್ಲ. ಆಗಾಗ ಸುರಂಗದೊಳಗೆ ಗಾಡಿ ಹಳಿ ತಪ್ಪಿದಾಗ ಆಕಾಶದಿಂದ ಒಂದು ಕೈ ಇಳಿದು ಬೆಟ್ಟವನ್ನೇ ಎತ್ತುತ್ತದೆ. ಗೋವರ್ಧನಗಿರಿಯ ಪ್ರಸಂಗದೊಡನೆ ಇದನ್ನು ಹೋಲಿಸಿ ನೋಡುವ ಕೆಲಸ ಬಾಕಿಯಿದೆ.

ಕೊನೆಯದು ಕಾಲನಿರ್ಣಯ. ನಮಗೆ ಯುಗಗಳು ನಾಲ್ಕು. ಯುರೋಪಿನ ಮಾಡೆಲ್‌ಗಾರರಿಗೆ ಒಂದರಿಂದ ಆರು. ಎರಡನೇ ಮಹಾಯುದ್ಧಾನಂತರದ ಉಗಿಬಂಡಿಗಳ ಕಾಲ ಮೂರನೆಯದು. ಅಂಥ ನಿಲ್ದಾಣದೆದುರು ಐದನೇ ಯುಗದ ಕಾರು ನಿಲ್ಲಿಸಿದವನನ್ನು ಪಂಡಿತರು ಪಂಕ್ತಿಯಿಂದ ಎಬ್ಬಿಸುತ್ತಾರೆ. ಆದರೆ ಇವರೆಲ್ಲ ಗುರುವೆಂದು ಕೈಮುಗಿಯುವ, ಕ್ಯಾಲಿಫೋರ್ನಿಯಾದ ಮಾಂಟೆರೆಯ ಜಾನ್ ಆ್ಯಲನ್ ಕಥೆ ಬೇರೆ. ಅವನು ಎಂಜಿನ್‌ಗಳಿಗೆ ಮಸಿ, ತುಕ್ಕು, ಧೂಳು ಬಳಿದು ಸಹಜತೆ ಕಲಿಸಿದವನು. ಕನ್ನಡಿಗಳನ್ನು ಜಾಣತನದಿಂದ ಅಡಗಿಸಿ ಇಲ್ಲದ ದೂರ ತೋರಿಸಿದವನು. ಅವನ ‘ಗೋರಿ ಅಂಡ್ ಡಿಫೀಟೆಡ್’ ಲೇಔಟಿನ ಬಹುಭಾಗ 1973ರಲ್ಲಿ ಅವನು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿಗೆ ಆಹುತಿಯಾಯಿತು. ಅಲ್ಲಿ ವ್ಯಾಗನ್‌ಗಳನ್ನು ಎಳೆದಾಡುವ ಶಂಟಿಂಗ್ ಕೆಲಸಕ್ಕೆ ಎಮ್ಮಾ ಎಂಬ ಸ್ಟೆಗೊಸಾರಸ್ ಡೈನೋಸಾರ್ ನೇಮಕಗೊಂಡಿತ್ತು. ಆಕೆಯನ್ನು ಯಾವ ಯುಗಕ್ಕೆ ಸೇರಿಸುವುದು, ಆಕೆಗೂ ಬಾಯ್ಲರ್ ತಪಾಸಣೆಯ ಪ್ರಮಾಣಪತ್ರ ಬೇಕೇ ಎಂಬೆರಡು ಪ್ರಶ್ನೆಗಳನ್ನು ಮುಂದಿನ ಪಿಎಚ್‌.ಡಿ. ಅಭ್ಯರ್ಥಿಗಳಿಗೆ ಬಿಡಲಾಗಿದೆ.