ಭಿಕ್ಷುಕರ ಸೆಸ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಭಿಕ್ಷುಕರ ಸೆಸ್ ಅವರೇ,

ಆಸ್ತಿ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಸೆಸ್‌ನ ನೆರೆಹೊರೆಯಲ್ಲೇ ತಮ್ಮ ವಾಸ. ಅದು ತೆರಿಗೆಯ ಶೇ. 6, ತಾವು ಶೇ. 3. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬಂದದ್ದು 1975ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಜೇಬಿನಿಂದ ಪಾಲಿಕೆಗೆ ತಪ್ಪದೆ ಹೋಗುತ್ತಿದ್ದೀರಿ. ಪಾಲಿಕೆಯಿಂದ, ಭಿಕ್ಷುಕರ ಪುನರ್ವಸತಿಯ ಹೊಣೆ ಹೊತ್ತ ಕೇಂದ್ರ ಪರಿಹಾರ ಸಮಿತಿಗೆ ಹೊರಡುವಾಗ ಮಾತ್ರ ತಮಗೆ ಮಂಡಿನೋವು. ಬಾಕಿ ಕೋಟಿಗಟ್ಟಲೆ ಬೆಳೆದು, ಕೊಡಿ ಸ್ವಾಮೀ ಎಂದು ಸಮಿತಿಯೇ ಪತ್ರದ ಮೇಲೆ ಪತ್ರ ಬರೆಯಬೇಕಾಗುತ್ತದೆ. ಭಿಕ್ಷಾಟನೆ ತಡೆಯಬೇಕಾದವರು ಹೀಗೆ ಕೈಯೊಡ್ಡಿದರೆ ಅದಕ್ಕೆ ಯಾವ ಸೆಕ್ಷನ್ನೋ!

ತಾವು ಖಜಾನೆ ಬಿಟ್ಟು ಹೊರಗೆ ಬರುವುದು ಅಪರೂಪ, ಹಾಗಾಗಿ ಸಿಗ್ನಲ್ಲಿನ ಹುಡುಗಿಯ ಪರಿಚಯ ತಮಗಿರಲಾರದು. ಎಂಟೊಂಬತ್ತು ವರ್ಷವಿರಬಹುದು. ಸೊಂಟದ ಮೇಲೆ ಪುಟ್ಟ ತಮ್ಮ. ಅವನ ಭಾರಕ್ಕೆ ಒಂದು ಪಕ್ಕ ವಾಲಿಕೊಂಡೇ ನಡೆಯುತ್ತಾಳೆ. ಕೆಂಪು ದೀಪದ ಅಂಕಿ ತೊಂಬತ್ತರಿಂದ ಹತ್ತಕ್ಕೆ ಇಳಿಯುವಷ್ಟರಲ್ಲಿ ಎಷ್ಟು ಕಾರಿನ ಗಾಜು ತಟ್ಟಬಹುದೆಂಬ ಲೆಕ್ಕ ಅವಳಿಗೆ ಬಾಯಿಪಾಠ. ಕಳೆಯುವ ಲೆಕ್ಕ ಬರುವುದಿಲ್ಲ ಎಂದು ಯಾವ ಮೇಷ್ಟ್ರೂ ಅವಳನ್ನು ಬೈಯುವಂತಿಲ್ಲ.

ಕಾನೂನಿಗೂ ಅವಳೆಂದರೆ ಪ್ರಾಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಅವಳನ್ನು ವಾಪಸು ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಅವಳನ್ನು ಭಿಕ್ಷೆಗೆ ಬಳಸಿದವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ. ಸರಿ, ಅವಳು ಶಾಲೆಗೆ ಹೊರಟಳು ಎನ್ನೋಣ. ತಮ್ಮನನ್ನು ಎತ್ತಿಕೊಳ್ಳುವವರು ಯಾರು? ಇಲ್ಲಿಗೆ ಬಂದಾಗ ಕಾಯ್ದೆಗಳು ಆ ಕೂಸಿನ ಹಾಗೇ ಬಾಯಲ್ಲಿ ಬೆರಳಿಟ್ಟುಕೊಳ್ಳುತ್ತವೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗೆಂದು ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಮಾಡಿದ್ದಾರೆ, ಒಳ್ಳೆಯದು. ಫ್ಲೈಓವರ್ ಕೆಳಗೆ ಪಂಚಾಯ್ತಿ ಇಲ್ಲವಲ್ಲ. ಆ ಪುಟ್ಟ ತಮ್ಮ ನಡೆಯುವುದನ್ನು ಕಲಿತರೆ ಅವನಿಗೆ ಬಿಡುಗಡೆ. ಇವಳ ಸೊಂಟಕ್ಕೆ ಅಷ್ಟರಲ್ಲಿ ಇನ್ನೊಂದು ಕೂಸು. ಆಮೇಲೆ ಮೈನೆರೆದ ಹುಡುಗಿಯನ್ನು ಬೀದಿಯಲ್ಲಿ ಬಿಡುವುದು ಹೇಗೆಂದು ಮದುವೆ.

ದೊಡ್ಡವರು ಯಾರಾದರೂ ಊರಿಗೆ ಬರುವ ಮುಂಚೆ ಭಿಕ್ಷುಕರನ್ನು ಹಿಡಿಯುವ ಕಾರ್ಯಾಚರಣೆ ವ್ಯಾನು ಬರುತ್ತದೆ. ತಾಯಿ ಮಾಗಡಿ ರಸ್ತೆಯ ಪರಿಹಾರ ಕೇಂದ್ರಕ್ಕೆ, ಮಗಳು ಬಾಲಮಂದಿರಕ್ಕೆ. ಹಾಗಾಗಿ ಕೈಯಲ್ಲಿ ಫೈಲು ಹಿಡಿದವರನ್ನು ಕಂಡರೆ ಅವಳು ಓಡುತ್ತಾಳೆ. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಲು ಬಂದ ಮೇಷ್ಟ್ರೂ ಅವಳ ಪಾಲಿಗೆ ವ್ಯಾನಿನವರೇ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸಮಸ್ಯೆಯೂ ಇಲ್ಲ, ಸರ್ಕಾರಕ್ಕೆ ಇದೊಂದು ಅನುಕೂಲ.

ಒಂದು ವಿನಂತಿ. ತಾವು ನಿಜಕ್ಕೂ ಹೊರಡುವ ದಿನ ಇನ್ನೊಂದು ವ್ಯಾನು ಕೊಳ್ಳಬೇಡಿ. ಸಿಗ್ನಲ್ಲಿಗೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದು ಕೋಣೆ, ಒಬ್ಬ ಆಯಾ, ನಾಲ್ಕು ತೊಟ್ಟಿಲು ಸಾಕು. ಅಕ್ಕ ಓದುವಷ್ಟು ಹೊತ್ತು ತಮ್ಮ ಅಲ್ಲಿರಲಿ. ಏಪ್ರಿಲ್‌ನಲ್ಲಿ ಕಟ್ಟಿದರೆ ರಿಯಾಯಿತಿಯಂತೆ, ನನ್ನ ಪಾಲಿನ ಶೇ. 3 ಆಗಲೇ ತಲುಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ತೆರಿಗೆದಾರ