ತಪ್ಪಿದ ಪಾಠ ಎಲ್ಲಿ ಸಿಗ್ತೈತಿ?

ಅಲ್ರಿ ಅಕ್ಕಾರ, ನಿನ್ನೆ ರಾತ್ರಿ ನೀವು ಮಗಗ ಬೈದದ್ದು ಬೇಲಿ ಈಚೆಗೂ ಕೇಳಿಸ್ತು. ಬರೇ ಮೊಬೈಲ್ ಹಿಡಕೊಂಡು ಕುಂತಿರ್ತಾನ ಅಂದ್ರಿ. ಅಂವ ಆಟ ಆಡ್ತಿರಲಿಲ್ರಿ, ನಾ ಸಾಲ್ಯಾಗ ಹೇಳಿದ ಲೆಕ್ಕದ ಫೋಟೋ ನನಗ ಕಳಸ್ತಿದ್ದ. ಅದನ್ನ ಹೇಳಬೇಕಂತನ ಅರಿವಿ ಒಣಗಿಸೂದು ಬಿಟ್ಟು ಬಂದೀನಿ.

ನಮ್ಮ ಚಿಂಚಲಿ ಪಾಡು ನಿಮಗ ಗೊತ್ತಲ್ಲ. ಭಾರತ ಹುಣ್ಣಿಮಿ ಬಂತಂದ್ರ ಮಾಯಕ್ಕನ ಜಾತ್ರಿ. ಮಹಾರಾಷ್ಟ್ರದಿಂದ ಚಕ್ಕಡಿ ಹೂಡಕೊಂಡು ಮಂದಿ ಬರ್ತಾರ, ಮನಿ ತುಂಬ ಬೀಗರು, ಭಂಡಾರ ಹಾರಿ ಊರಿಗೆ ಊರ ಹಳದಿ. ಆಗ ಹುಡುಗ್ರು ಸಾಲಿ ಬಿಟ್ರ ನಾ ಬೈಯಂಗಿಲ್ಲ. ಕಬ್ಬು ಕಡಿಯೂ ದಿನದಾಗೂ ಹಂಗ. ಆದ್ರ ವಾರ ಬಿಟ್ಟು ಬಂದ ಕೂಸು ಬೋರ್ಡ್ ನೋಡ್ಕೋತ ಸುಮ್ನ ಕುಂತಾಗ ಕರುಳು ಚುರ್ ಅಂತೈತಿ. ತಪ್ಪಿದ ಪಾಠ ಎಲ್ಲಿ ಹುಡಕಬೇಕ್ರಿ ಅದು? ಗೆಳ್ಯಾನ ನೋಟಬುಕ್ಕಿನಾಗ ಉತ್ತರ ಇರ್ತೈತಿ, ಉತ್ತರಕ್ಕ ಹೋಗೂ ದಾರಿ ಇರಂಗಿಲ್ಲ.

2020ರಾಗ ಸಾಲಿ ಮುಚ್ಚಿದಾಗ ನಾನೂ ವಾಟ್ಸಾಪ್ ಗುಂಪು ಮಾಡಿದ್ದೆ. ಪಾಠದ ಮ್ಯಾಲ ಗುಡ್ ಮಾರ್ನಿಂಗ್ ಬಿದ್ದು, ಅದರ ಮ್ಯಾಲ ಲಗ್ನಪತ್ರಿಕಿ ಬಿದ್ದು, ಮೂರು ದಿನದಾಗ ಪಾಠ ತಳ ಸೇರತಿತ್ತು. ಚಂದನ ವಾಹಿನಿಯೊಳಗ ‘ಸಂವೇದ’ ಪಾಠ ಬರತಿದ್ವು. ಕರೆಂಟ್ ಹೋದ್ರ ಅವೂ ಹೋಗೂವು. ಸರಕಾರದ ವಿದ್ಯಾಗಮ ಯೋಜನೆದಾಗ ಗುಡಿ ಕಟ್ಟಿ ಮ್ಯಾಲ ಕುಂಡ್ರಿಸಿಕೊಂಡು ಕಲಿಸಿದ್ದ ಮನಸ್ಸಿಗೆ ಹತ್ತಿತ್ತು, ಅದೂ ಅಕ್ಟೋಬರದಾಗ ನಿಂತಿತು.

ಈಗ ಗೂಗಲ್ ಕ್ಲಾಸ್‌ರೂಮಿನಾಗ ಪಾಠಕ್ಕೊಂದು ಹೆಸರು ಕೊಟ್ಟು ಖಾನೆ ಮಾಡೀನಿ. ನಮ್ಮ ಅಡಗಿಮನಿ ಡಬ್ಬಿ ಹಂಗ, ಯಾವುದು ಎಲ್ಲೈತಿ ಕಣ್ಣಿಗೆ ಕಾಣತೈತಿ. ಅವತ್ತು ಬೋರ್ಡ್ ಮ್ಯಾಲ ಬರದದ್ದರ ಫೋಟೋ, ಮನ್ಯಾಗ ಮಾಡೂ ಎರಡು ಲೆಕ್ಕ, ಕೊಡೂ ದಿನ. ಜಾತ್ರಿ ಮುಗಿಸಿ ಬಂದವರು ತಡಾಗಿ ಕೊಟ್ರೂ ನಡೀತೈತಿ.

ನಿಮ್ಮ ಮಗ ಕಳಿಸಿದ ಫೋಟೋ ನೋಡ್ರಿಲ್ಲೆ. ಮೂಲ್ಯಾಗ ಅವರಪ್ಪನ ಹೆಬ್ಬೆಟ್ಟು ಬಿದ್ದೈತಿ, ಅರ್ಧ ಹಾಳಿ ನೆರಳು. ವರ್ಗ ಸಮೀಕರಣ ಎರಡು ಸಾಲಿನ ತನಕ ಛಂದ ಬಿಡಿಸ್ಯಾನ, ಮೂರನೇ ಸಾಲಿನಾಗ ಋಣ ಚಿಹ್ನೆ ಬಿಟ್ಟಾನ. ಇಂಥ ಫೋಟೋ ಹನ್ನೊಂದು ಬಂದಾವ, ಏಳು ಮಂದಿ ಅದ ಸಾಲಿನಾಗ ಜಾರ್ಯಾರ. ಅಂದ ಮ್ಯಾಲ ತಪ್ಪು ಅವರದಲ್ಲ ಅಕ್ಕಾರ, ಆ ಸಾಲು ನಾನ ಅವಸರದಾಗ ದಾಟಿಸೀನಿ. ನಾಳೆ ಮೊದಲನೇ ಪಿರಿಯಡ್ಡಿಗೆ ಖಡು ಹಿಡಿದು ಅಲ್ಲಿಂದನ ಸುರು ಮಾಡಾಕಿ. ನನಗ ಈ ಮೊಬೈಲ್ ಬೇಕಾಗಿದ್ದು ಇದಕ್ಕ ನೋಡ್ರಿ. ಕಲಿಸೂದು ಏನಿದ್ರೂ ಎದುರಿಗೆ ಕುಂಡ್ರಿಸಿಕೊಂಡು. ಎಲ್ಲಿಂದ ಕಲಿಸಬೇಕು ಅನ್ನೂದನ್ನ ಇದು ರಾತ್ರಿನ ಹೇಳಿಬಿಡ್ತೈತಿ.

ಸಾಲಿ ದೂರಾಗೂ ಸಂಕಟ ನಮ್ಮೂರಿನದಷ್ಟ ಅಲ್ರಿ. ಆಸ್ಟ್ರೇಲಿಯಾದಾಗ ಮಾರ್ಟಿನ್ ಡೂಗಿಯಾಮಾಸ್ ಅಂತ ಒಬ್ಬಾತ ಅದಾನ. ಸಣ್ಣಾವಿದ್ದಾಗ ಮರುಭೂಮಿಯೊಳಗ ಇದ್ದು, ರೇಡಿಯೋದಾಗ ಸಾಲಿ ಪಾಠ ಕೇಳಿ ಬೆಳದಾತ. ಮುಂದ ಅಂವನ 2002ರಾಗ ಪಾಠ ಜೋಡಿಸಿಡೂ ‘ಮೂಡಲ್’ ಅನ್ನೂ ತಂತ್ರಾಂಶ ಹೊರಗ ತಂದ. ಸಾಲಿ ದೂರ ಇದ್ದ ಕೂಸಿನ ಸಂಕಟ ಗೊತ್ತಿದ್ದಾತಗನ ಇದು ಹೊಳೀತು ಅಂತ ನನಗ ಅನಸ್ತೈತಿ.

ನಿಮ್ಮನ್ಯಾಗ ಒಂದ ಮೊಬೈಲ್, ಅದೂ ಕಬ್ಬಿಗೆ ನೀರು ಬಿಡಾಕ ಹೋದವರ ಕಿಸೆದಾಗ ಅನ್ನೂದು ಗೊತ್ತೈತ್ರಿ. ಊಟಾದ ಮ್ಯಾಲ ಅರ್ಧ ತಾಸು ಕೊಡ್ರಿ, ಸಾಕು. ನೆಟ್ ಸಿಗೂ ಕಡೆ ಸರಕಾರದ ದೀಕ್ಷಾ ಆ್ಯಪಿನಾಗ ಪಾಠ ಇಳಿಸಿಟ್ಟುಕೊಂಡ್ರ ಆಮ್ಯಾಲ ನೆಟ್ ಇಲ್ಲದನೂ ನೋಡಬಹುದು. ಅದು 2017ರಿಂದ ಐತಿ, ಮರಾಠಿ ಮಾಧ್ಯಮದ ಹುಡುಗ್ರಿಗೂ ಬರ್ತೈತಿ. ಪುಸ್ತಕದಾಗ ಕಪ್ಪು ಚುಕ್ಕಿ ಚುಕ್ಕಿ ಚೌಕ ಇರ್ತೈತಲ್ಲ, ಅದಕ್ಕ ಮೊಬೈಲ್ ಹಿಡಿಯೂದು, ಅಷ್ಟ.

ಏನಂದ್ರಿ? ಅದರ ಮ್ಯಾಲ ಎಣ್ಣಿ ಚೆಲ್ಲೈತಾ? ಚೌಕದ ಕೆಳಗ ಆರು ಅಕ್ಷರ ಅಚ್ಚಾಗಿರ್ತಾವ, ಅವನ್ನ ಹೊಡದ್ರೂ ಪಾಠ ತೆರೀತೈತಿ. ಮಗನ್ನ ಕರೀರಿ, ಪುಸ್ತಕ ತರಲಿ. ಇಲ್ಲೆ ಬೇಲಿ ಮ್ಯಾಲ ಇಟ್ಟು ತೋರಸ್ತೀನಿ.